ಮನೆ ಪತ್ರ ಅಡವಿಡುವ ಮುನ್ನ: ಶಿಕಾರಿಪುರ, ಸೊರಬದ ಸಾಲ ವಿಭಾಗದಿಂದ ಕೆಲವು ಮಾತು



ಕರಾವಳಿಯಿಂದ ಘಟ್ಟ ಹತ್ತಿ ಹೋಗಿ ನೆಲೆಸಿದ ನಮ್ಮ ಕುಟುಂಬಗಳು ಮಲೆನಾಡಿನ ಹಲವೆಡೆ ಇವೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ್ದರೂ, ಅಲ್ಲಿನ ಕೆಲವು ಮನೆಗಳ ಅಣ್ಣತಮ್ಮಂದಿರು, ಅಕ್ಕತಂಗಿಯರು ಇಂದಿಗೂ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲೇ ಇದ್ದಾರೆ. ಅಲ್ಲಿ ಸಾಲಕ್ಕೆ ಅರ್ಜಿ ಹಾಕಿದಾಗ ಜಾಮೀನು ಸಹಿಗಾಗಿ ಇಲ್ಲಿಗೆ ಫೋನ್ ಬರುತ್ತದೆ. ಅಲ್ಲಿ ಕಂತು ತಪ್ಪಿದಾಗ ನೋಟೀಸು ಇಲ್ಲಿಗೂ ಬರುತ್ತದೆ.

ಆ ಎರಡು ತಾಲ್ಲೂಕುಗಳಲ್ಲಿ ಪತ್ತಿನ ಸಹಕಾರ ಸಂಘವೊಂದರ ಸಾಲ ವಿಭಾಗದಲ್ಲಿ ಕೆಲಸ ಮಾಡಿದ ನಾವು, ಮನೆಯನ್ನು ಅಡಮಾನ ಮಾಡಿ ಸಾಲ ಪಡೆಯುವುದೆಂದರೆ ಏನು, ಸಾಲ ಕೊಡುವವರು ಏನನ್ನು ನೋಡುತ್ತಾರೆ, ಸಾಲ ಪಡೆಯುವವರು ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ. ಇಷ್ಟು ವರ್ಷಗಳಲ್ಲಿ ನಾವು ಕಲಿತ ಮುಖ್ಯ ಪಾಠ ಒಂದೇ. ಸಾಲವನ್ನು ತೀರಿಸುವುದು ಮನೆಯ ಬೆಲೆಯಲ್ಲ, ಆ ಮನೆಗೆ ಬರುವ ಆದಾಯ.

ಪತ್ತಿನ ಸಂಘದ ಹಣ ಯಾರದು?

ವಿದೇಶಗಳಲ್ಲಿರುವ ನಮ್ಮವರು 'ಕ್ರೆಡಿಟ್ ಯೂನಿಯನ್' ಎಂದು ಕರೆಯುವುದನ್ನೇ ನಾವು ಇಲ್ಲಿ ಪತ್ತಿನ ಸಹಕಾರ ಸಂಘ ಎನ್ನುತ್ತೇವೆ. ಸದಸ್ಯರು ಷೇರು ಮತ್ತು ಠೇವಣಿಯ ರೂಪದಲ್ಲಿ ಇಟ್ಟ ಹಣವನ್ನು ಸದಸ್ಯರಿಗೇ ಸಾಲವಾಗಿ ಕೊಡುವ ವ್ಯವಸ್ಥೆ ಇದು. ನಮ್ಮ ರಾಜ್ಯದಲ್ಲಿ ಸಹಕಾರ ಚಳವಳಿ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾಯಿತು. ಧರ್ಮಸಭೆಗೂ ಇದರಲ್ಲಿ ಹಳೆಯ ಪಾಲು ಇದೆ. ಛೋಟಾ ನಾಗಪುರದ ಆದಿವಾಸಿಗಳನ್ನು ಬಡ್ಡಿ ವ್ಯಾಪಾರಿಗಳ ಕೈಯಿಂದ ಬಿಡಿಸಲು ಜೆಸ್ವಿತ್ ಗುರು ಫಾ. ಹಾಫ್‌ಮನ್ ಅವರು 1909ರಲ್ಲಿ ಕಥೊಲಿಕ ಸಹಕಾರ ಪತ್ತಿನ ಸಂಘವನ್ನು ಕಟ್ಟಿದರು. ನಮ್ಮ ಮಂಗಳೂರಿನಲ್ಲಿ ಇಂದು ಎಂ.ಸಿ.ಸಿ. ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1912ರಲ್ಲಿ ಹುಟ್ಟಿತು.

ಕರ್ನಾಟಕದಲ್ಲಿ ಪತ್ತಿನ ಸಂಘಗಳು 1959ರ ಸಹಕಾರ ಸಂಘಗಳ ಕಾಯ್ದೆಯಡಿ ಅಥವಾ 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಣಿಯಾಗಿರುತ್ತವೆ. ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಸಹಕಾರಿ ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟಿದೆ; ಅಲ್ಲಿನ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಆದುದರಿಂದ ಸಂಘದವರು ಕೊಡುವ ಪ್ರತಿಯೊಂದು ಸಾಲವೂ ಯಾರೋ ವಿಧವೆಯ, ನಿವೃತ್ತ ಶಿಕ್ಷಕರ, ಮನೆಗೆಲಸದವರ ಉಳಿತಾಯದ ಹಣ. ಸಾಲ ವಿಭಾಗದವರು ಹತ್ತು ಪ್ರಶ್ನೆ ಕೇಳುವುದು ಈ ಕಾರಣಕ್ಕೆ.

ಮನೆ ಅಡಮಾನ ಸಾಲ ಎಂದರೇನು?

ಮನೆ ಕಟ್ಟಲು ಪಡೆಯುವ ಗೃಹಸಾಲ ಬೇರೆ, ಈಗಾಗಲೇ ಇರುವ ಮನೆಯನ್ನು ಅಡವಿಟ್ಟು ಮದುವೆ, ಓದು, ಆಸ್ಪತ್ರೆ, ವ್ಯಾಪಾರ ಅಥವಾ ವಿದೇಶ ಪ್ರಯಾಣಕ್ಕಾಗಿ ಪಡೆಯುವ ಸಾಲ ಬೇರೆ. ಅಮೆರಿಕದಲ್ಲಿ ಈ ಎರಡನೆಯದನ್ನು 'ಹೋಮ್ ಇಕ್ವಿಟಿ' ಸಾಲ ಎನ್ನುತ್ತಾರೆ. ಮನೆಯ ಇಂದಿನ ಬೆಲೆಯಲ್ಲಿ ಹಳೆಯ ಸಾಲದ ಬಾಕಿಯನ್ನು ಕಳೆದರೆ ಉಳಿಯುವುದು ಮಾಲೀಕನ ನಿಜವಾದ ಪಾಲು. ಆ ಪಾಲಿನ ಆಧಾರದ ಮೇಲೆ ಕೊಡುವ ಸಾಲ ಇದು.

ಒಂದು ಉದಾಹರಣೆ ನೋಡೋಣ. ಮನೆಯ ಬೆಲೆ 30 ಲಕ್ಷ, ಹಳೆಯ ಸಾಲದ ಬಾಕಿ 8 ಲಕ್ಷ ಎಂದಿಟ್ಟುಕೊಳ್ಳಿ. ಮಾಲೀಕನ ಪಾಲು 22 ಲಕ್ಷವಾಯಿತು. ಆದರೆ 22 ಲಕ್ಷ ಸಾಲ ಸಿಗುವುದಿಲ್ಲ. ಸಂಘದ ನಿಯಮವು ಬೆಲೆಯ ಶೇ. 50ರವರೆಗೆ ಮಾತ್ರ ಎಂದಿದ್ದರೆ ಒಟ್ಟು ಮಿತಿ 15 ಲಕ್ಷ. ಹಳೆಯ 8 ಲಕ್ಷ ಕಳೆದರೆ ಹೊಸದಾಗಿ 7 ಲಕ್ಷ. ಇದು ಗರಿಷ್ಠ ಮಿತಿ ಮಾತ್ರ. ಕೊಡಬೇಕಾದ ಮೊತ್ತ ಇದಕ್ಕಿಂತ ಬಹಳ ಕಡಿಮೆ ಇರಬಹುದು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಮೊದಲು ಕಾಗದ ಪತ್ರ

ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಬಳ್ಳಿಗಾವಿಗಳಲ್ಲಿ ನೂರಾರು ವರ್ಷಗಳ ಹಿಂದಿನ ಶಾಸನಗಳಿವೆ. ಭೂಮಿಯನ್ನು ದಾನ ಕೊಟ್ಟಾಗ ಅದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದ ಕಾಲ ಅದು. ಅದೇ ನೆಲದಲ್ಲಿ ಇಂದು ತಮ್ಮ ಮನೆಯ ದಾಖಲೆ ಸರಿಯಾಗಿಲ್ಲದ ಕುಟುಂಬಗಳು ಎಷ್ಟೋ ಇವೆ.

ಸಾಲ ವಿಭಾಗದವರು ಸಾಮಾನ್ಯವಾಗಿ ಕೇಳುವ ದಾಖಲೆಗಳು ಇವು: ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಅಥವಾ ಹಕ್ಕುಪತ್ರದ ಮೂಲ ಪ್ರತಿ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಖಾತೆ, ಕಂದಾಯ ರಸೀದಿ, ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರ, ಅಂದರೆ ನಾವೆಲ್ಲ ಹೇಳುವ ಇ.ಸಿ. ನಮೂನೆ 15ರಲ್ಲಿ ಬರುವ ಇ.ಸಿ. ಆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುತ್ತದೆ. ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಾಯಿತ ವ್ಯವಹಾರವಿಲ್ಲ ಎಂದರ್ಥ. ಪತ್ರದಲ್ಲಿರುವ ಚಕ್ಕುಬಂದಿಯೂ ಸ್ಥಳದಲ್ಲಿರುವ ಚಕ್ಕುಬಂದಿಯೂ ತಾಳೆಯಾಗಬೇಕು. ಅದಕ್ಕಾಗಿಯೇ ನಾವು ಮನೆಗೆ ಬಂದು ನಾಲ್ಕೂ ದಿಕ್ಕು ನೋಡುತ್ತೇವೆ.

ಈ ಭಾಗದಲ್ಲಿ ವಿಶೇಷವಾಗಿ ಎದುರಾಗುವ ತೊಡಕುಗಳು ಕೆಲವು ಇವೆ.

ಮೊದಲನೆಯದು ಸರಕಾರಿ ಜಾಗದ ಮನೆಗಳು. 94ಸಿ ಅಡಿಯಲ್ಲಿ ಹಕ್ಕುಪತ್ರ ಪಡೆದವರೂ ಇದ್ದಾರೆ, ಅರ್ಜಿ ಹಾಕಿ ಕಾಯುತ್ತಿರುವವರೂ ಇದ್ದಾರೆ. ಅರ್ಜಿಯ ಪ್ರತಿ ಹಕ್ಕುಪತ್ರವಾಗುವುದಿಲ್ಲ. ಹಕ್ಕುಪತ್ರ ಇದ್ದರೂ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಅದರಲ್ಲಿ ಇದೆಯೇ ಎಂದು ಓದಬೇಕು.

ಎರಡನೆಯದು ಶರಾವತಿ ಮುಳುಗಡೆ ಸಂತ್ರಸ್ತರ ಕತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆಮಠ ಕಳೆದುಕೊಂಡವರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಗೆ ಕಳುಹಿಸಲಾಯಿತು. ಹೀಗೆ ಕೊಟ್ಟ ಜಾಗಗಳಲ್ಲಿ ಅನೇಕವು ಅರಣ್ಯದ ದಾಖಲೆಯಿಂದ ಸರಿಯಾಗಿ ಹೊರಬರದೆ ಇಂದಿಗೂ ಹಕ್ಕಿನ ಪ್ರಶ್ನೆ ಉಳಿದಿದೆ. ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳಿಗೆ ಮನೆ ಪತ್ರದ ಮೇಲೆ ಸಾಲ ಸಿಗದಿರುವುದು ದುಃಖದ ಸಂಗತಿ. ಆದರೆ ದಾಖಲೆ ಇಲ್ಲದೆ ಅಡಮಾನ ಮಾಡಲು ಬರುವುದಿಲ್ಲ.

ಮೂರನೆಯದು ಪಂಚಾಯಿತಿ ಖಾತೆ. 2013ರಿಂದ ಗ್ರಾಮ ಪಂಚಾಯಿತಿ ಆಸ್ತಿಗಳ ದಾಖಲೆ ಇ-ಸ್ವತ್ತು ವ್ಯವಸ್ಥೆಗೆ ಬಂದಿತು. ಆಗಿನಿಂದ ಕೊಟ್ಟ ದಾಖಲೆಗಳಲ್ಲಿ ನಮೂನೆ 9 ಮತ್ತು 11ಎ ಇರುವ ಮನೆ ಬೇರೆ, 11ಬಿ ಮಾತ್ರ ಇರುವ ಮನೆ ಬೇರೆ. ಎರಡನೆಯದಕ್ಕೆ ಹೆಚ್ಚಿನ ಸಂಸ್ಥೆಗಳು ಸಾಲ ಕೊಡಲು ಹಿಂಜರಿಯುತ್ತವೆ.

ತಂದೆ ತೀರಿಹೋದ ಮನೆ ಯಾರದು?

ನಮ್ಮ ಕ್ರೈಸ್ತ ಕುಟುಂಬಗಳು ವಿಶೇಷವಾಗಿ ತಿಳಿದಿರಬೇಕಾದ ವಿಷಯ ಇದು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ನಮಗೆ ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಂತೆ ಪತ್ನಿ ಮತ್ತು ಮಕ್ಕಳಿದ್ದರೆ ಪತ್ನಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಎಲ್ಲ ಮಕ್ಕಳಿಗೂ ಸಮವಾಗಿ. ಗಂಡು, ಹೆಣ್ಣು ಎಂಬ ಭೇದವಿಲ್ಲ. ಮದುವೆಯಾಗಿ ಕುಂದಾಪುರಕ್ಕೋ ಮುಂಬೈಗೋ ಹೋದ ಮಗಳಿಗೂ ಪಾಲು ಇದೆ.

ತಾಯಿ ಮತ್ತು ನಾಲ್ವರು ಮಕ್ಕಳಿರುವ ಮನೆಯಲ್ಲಿ ತಾಯಿಯದು ಮೂರನೇ ಒಂದು, ಪ್ರತಿ ಮಗುವಿನದು ಆರನೇ ಒಂದು. ಮನೆಯಲ್ಲಿ ವಾಸವಾಗಿರುವ ಕಿರಿಯ ಮಗನ ಹೆಸರಿಗೆ ಖಾತೆ ಬದಲಾಗಿರಬಹುದು. ಆದರೆ ಖಾತೆ ಕಂದಾಯ ಕಟ್ಟಲು ಇರುವ ದಾಖಲೆ. ಅದು ಮಾತ್ರದಿಂದ ಉಳಿದವರ ಹಕ್ಕು ಹೋಗುವುದಿಲ್ಲ. ಎಲ್ಲರೂ ಸಹಿ ಮಾಡಬೇಕು, ಇಲ್ಲವೇ ನೋಂದಾಯಿತ ವಿಭಾಗಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ ಆಗಿರಬೇಕು. "ಅಕ್ಕನ ಸಹಿ ಯಾಕೆ ಸಾರ್, ಅವಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎಂದು ಕೇಳುವವರು ಬಹಳ. ಮದುವೆಯಲ್ಲಿ ಕೊಟ್ಟ ಚಿನ್ನ ಮನೆಯ ಪಾಲನ್ನು ಅಳಿಸುವುದಿಲ್ಲ ಎಂದು ನಾವು ಪ್ರತಿ ಬಾರಿಯೂ ತಾಳ್ಮೆಯಿಂದ ಹೇಳಬೇಕಾಗುತ್ತದೆ.

ಆಮೇಲೆ ಆದಾಯ

ಕಾಗದ ಸರಿಯಿದ್ದ ಮಾತ್ರಕ್ಕೆ ಸಾಲ ಕೊಡಬಹುದೆಂದಲ್ಲ. 5 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, 10 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ಬಾಕಿಯ ಮೇಲೆ ಮಾತ್ರ ಬಡ್ಡಿ ಲೆಕ್ಕ ಹಾಕಿದರೆ ತಿಂಗಳ ಕಂತು ಸುಮಾರು 7,174 ರೂಪಾಯಿ. ಮೊದಲ ಕಂತಿನಲ್ಲಿ 5,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 2,174 ಮಾತ್ರ. ಹತ್ತು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 3,61,000. ಅದೇ ಸಾಲವನ್ನು 5 ವರ್ಷದಲ್ಲಿ ತೀರಿಸಿದರೆ ಕಂತು 11,122ಕ್ಕೆ ಏರುತ್ತದೆ, ಒಟ್ಟು ಬಡ್ಡಿ ಸುಮಾರು 1,67,000ಕ್ಕೆ ಇಳಿಯುತ್ತದೆ.

ಇನ್ನು ಕೆಲವರು 'ಫ್ಲ್ಯಾಟ್' ಬಡ್ಡಿ ಎನ್ನುತ್ತಾರೆ. ಅಂದರೆ ನೀವು ಅರ್ಧ ಸಾಲ ತೀರಿಸಿದ್ದರೂ ಮೊದಲಿನ 5 ಲಕ್ಷದ ಮೇಲೆಯೇ ಬಡ್ಡಿ. ಅದೇ ಶೇ. 12ರಂತೆ 10 ವರ್ಷಕ್ಕೆ 6 ಲಕ್ಷ ಬಡ್ಡಿಯಾಗುತ್ತದೆ. ಬಡ್ಡಿ ದರ ಒಂದೇ, ಆದರೆ ಕೈಯಿಂದ ಹೋಗುವ ಹಣದಲ್ಲಿ ಸುಮಾರು 2,39,000 ರೂಪಾಯಿ ವ್ಯತ್ಯಾಸ. ಆದುದರಿಂದ "ಬಡ್ಡಿ ಎಷ್ಟು" ಎಂದು ಮಾತ್ರ ಕೇಳಬೇಡಿ. "ಬಾಕಿಯ ಮೇಲೋ, ಪೂರ್ತಿ ಮೊತ್ತದ ಮೇಲೋ" ಎಂದೂ ಕೇಳಿ.

ಈ ಕಂತು ಎಲ್ಲಿಂದ ಬರಬೇಕು? ಸಂಬಳದಾರರಿಗೆ ತಿಂಗಳ ಕಂತು ಸರಿ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ರೈತನಿಗೆ ಹಣ ಬರುವುದು ಮೆಕ್ಕೆಜೋಳ, ಭತ್ತ, ಅಡಿಕೆ, ಶುಂಠಿ ಮಾರಿದಾಗ. ಅವನಿಗೆ ತಿಂಗಳ ಕಂತು ಹಾಕಿದರೆ ಜೂನ್, ಜುಲೈ ತಿಂಗಳಲ್ಲಿ ಕಂತು ಕಟ್ಟಲು ಕೈಸಾಲ ಮಾಡುತ್ತಾನೆ. ಅಂಥವರಿಗೆ ವಾರ್ಷಿಕ ಕಂತು ಹೊಂದುತ್ತದೆ. 5 ಲಕ್ಷವನ್ನು ವರ್ಷಕ್ಕೆ 50,000ದಂತೆ ಹತ್ತು ಕಂತು ಮಾಡಿದರೆ ಮೊದಲ ವರ್ಷ ಬಡ್ಡಿ ಸೇರಿ 1,10,000, ಎರಡನೇ ವರ್ಷ 1,04,000, ಹೀಗೆ ಇಳಿಯುತ್ತಾ ಹೋಗುತ್ತದೆ. ಕೃಷಿ ಉದ್ದೇಶಕ್ಕೇ ಸಾಲ ಬೇಕಿದ್ದರೆ ಮನೆ ಅಡವಿಡುವ ಮೊದಲು ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ, ತಾಲ್ಲೂಕಿನ ಪಿಕಾರ್ಡ್ ಬ್ಯಾಂಕಿನಲ್ಲಿ ವಿಚಾರಿಸುವುದು ಒಳ್ಳೆಯದು.

ಶುಂಠಿಯ ಬಗ್ಗೆ ಒಂದು ಮಾತು. ಒಂದು ವರ್ಷ ಬೆಲೆ ಬಂದರೆ ಮನೆಗೆ ಮಹಡಿ ಏರುತ್ತದೆ. ಮರುವರ್ಷ ಕೊಳೆರೋಗ ಬಂದರೆ ಬೀಜದ ಹಣವೂ ಬರುವುದಿಲ್ಲ. ಬೆಲೆ ಬಂದ ವರ್ಷದ ಲೆಕ್ಕ ತೋರಿಸಿ ಹತ್ತು ವರ್ಷದ ಸಾಲ ಕೇಳುವುದೂ ತಪ್ಪು, ಕೊಡುವುದೂ ತಪ್ಪು.

ನಾವು ಮಾಡಿದ ತಪ್ಪು

ಈ ತಪ್ಪನ್ನು ನಾವೇ ಮಾಡಿದ್ದೇವೆ. ಒಬ್ಬರು ಬಂದು, "ಸಾರ್, ಮನೆ ಇಪ್ಪತ್ತು ಲಕ್ಷ ಬಾಳುತ್ತೆ. ಐದು ಲಕ್ಷ ಕೊಡೋಕೆ ನಿಮಗೇನು ಭಯ?" ಎಂದು ಕೇಳಿದರು. ಮಾತು ಸರಿಯೆನಿಸಿತು. ಪತ್ರಗಳು ಚೊಕ್ಕವಾಗಿದ್ದವು, ಎಂಜಿನಿಯರರ ಮೌಲ್ಯಮಾಪನವೂ ಸರಿಯಿತ್ತು. ಸಂಘಕ್ಕೆ ಭಯವಿರಲಿಲ್ಲ. ಭಯಪಡಬೇಕಾಗಿದ್ದುದು ಆ ಮನೆಯವರು ಎಂಬುದನ್ನು ನಾವು ಯೋಚಿಸಲಿಲ್ಲ. ಆ ಸಾಲಿನ ಶುಂಠಿಯ ಲೆಕ್ಕವನ್ನೇ ಆದಾಯವೆಂದು ಬರೆದುಕೊಂಡೆವು. ಸಹಿ ಮಾಡಲು ಬಂದ ಪತ್ನಿಗೆ ಕಂತು ಎಷ್ಟೆಂದು ಗೊತ್ತಿದೆಯೇ ಎಂದು ಕೇಳಲಿಲ್ಲ.

ಎರಡನೇ ವರ್ಷಕ್ಕೆ ಕಂತು ನಿಂತಿತು. ನಾಲ್ಕನೇ ವರ್ಷ ಮನೆ ಹರಾಜಿನ ಹಂತಕ್ಕೆ ಬಂದಾಗ ಅವರೇ ಅವಸರದಲ್ಲಿ ಕಡಿಮೆ ಬೆಲೆಗೆ ಮಾರಿ ಸಾಲ ತೀರಿಸಿದರು. ಸಂಘದ ಲೆಕ್ಕದಲ್ಲಿ ಅದು ಪೂರ್ತಿ ವಸೂಲಾದ ಸಾಲ; ಅಸಲು, ಬಡ್ಡಿ ಯಾವುದೂ ನಷ್ಟವಾಗಲಿಲ್ಲ. ಆದರೆ ಆ ತಾಯಿ ಕೊನೆಯ ರಸೀದಿ ಪಡೆಯಲು ಬಂದ ದಿನ ನಮ್ಮ ಮುಖ ನೋಡಲಿಲ್ಲ. ಆ ದಿನವನ್ನು ನಾವು ಮರೆತಿಲ್ಲ.

ಅಮೆರಿಕದಲ್ಲಿ 2008ರಲ್ಲಿ ನಡೆದ ಆರ್ಥಿಕ ಕುಸಿತದ ಹಿಂದೆಯೂ ಇಂಥದೇ ತಪ್ಪು ದೊಡ್ಡ ಪ್ರಮಾಣದಲ್ಲಿ ಇತ್ತು. ತೀರಿಸುವ ಶಕ್ತಿ ನೋಡದೆ, ಮನೆಯ ಬೆಲೆ ಏರುತ್ತಲೇ ಇರುತ್ತದೆಂದು ನಂಬಿ ಸಾಲ ಕೊಟ್ಟರು. ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು.

ಅಂದಿನಿಂದ ನಾವು ಪಾಲಿಸಿದ ಕ್ರಮ ಸರಳ. ಒಂದು ವರ್ಷದ್ದಲ್ಲ, ಮೂರು ವರ್ಷದ ಆದಾಯ ನೋಡುವುದು. ಬೇರೆ ಕಡೆಯ ಸಾಲ, ಸ್ವಸಹಾಯ ಸಂಘದ ವಾರದ ಕಂತು, ಚಿನ್ನದ ಸಾಲ ಎಲ್ಲವನ್ನೂ ಪಟ್ಟಿ ಮಾಡುವುದು. ಪತಿ ಪತ್ನಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕನ್ನಡದಲ್ಲಿ ಲೆಕ್ಕ ಹೇಳುವುದು. ಆಗದು ಎನಿಸಿದರೆ ಆಗದು ಎನ್ನುವುದು. 'ಇಲ್ಲ' ಎಂಬ ಉತ್ತರ ಕೇಳಿ ಸಿಟ್ಟಾಗಿ ಹೋದವರಲ್ಲಿ ಕೆಲವರು ವರ್ಷಗಳ ನಂತರ ಬಂದು ಕೃತಜ್ಞತೆ ಹೇಳಿದ್ದೂ ಉಂಟು.

'ನಂಬಿಕೆಯ ಕ್ರಯಪತ್ರ'ಕ್ಕೆ ಸಹಿ ಬೇಡ

ಸಂಘದಲ್ಲಿ ಸಾಲ ಸಿಗದವರು ಕೆಲವೊಮ್ಮೆ ಖಾಸಗಿ ಬಡ್ಡಿ ವ್ಯವಹಾರದವರ ಬಳಿಗೆ ಹೋಗುತ್ತಾರೆ. ಅಲ್ಲಿ ಕೆಲವರು ಅಡಮಾನ ಪತ್ರದ ಬದಲು ಶುದ್ಧ ಕ್ರಯಪತ್ರವನ್ನೇ ನೋಂದಣಿ ಮಾಡಿಸಿಕೊಳ್ಳುತ್ತಾರೆ. "ಹಣ ಕೊಟ್ಟಾಗ ವಾಪಸು ಬರೆದುಕೊಡುತ್ತೇವೆ" ಎಂದು ಬಾಯಿಮಾತು ಮಾತ್ರ. ಹಿಂತಿರುಗಿಸುವ ಷರತ್ತು ಅದೇ ಪತ್ರದಲ್ಲಿ ಬರೆದಿರದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಅದು ಅಡಮಾನವಾಗುವುದಿಲ್ಲ, ಮಾರಾಟವೇ ಆಗುತ್ತದೆ. ನಿಜವಾದ ಅಡಮಾನದಲ್ಲಿ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ. ಕ್ರಯಪತ್ರಕ್ಕೆ ಸಹಿ ಹಾಕಿದವರು ಆ ಹಕ್ಕನ್ನೇ ಕೈಬಿಟ್ಟಂತೆ.

ಜಾಮೀನು ಸಹಿ ಮತ್ತು ಕಂತು ತಪ್ಪಿದಾಗ

"ಸುಮ್ಮನೆ ಒಂದು ಸಹಿ" ಎಂಬುದು ಯಾವುದೂ ಇಲ್ಲ. 1872ರ ಕರಾರು ಕಾಯ್ದೆಯಂತೆ ಜಾಮೀನುದಾರನ ಹೊಣೆ ಸಾಮಾನ್ಯವಾಗಿ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸಾಲಗಾರನ ಮನೆ ಹರಾಜಾದ ಮೇಲೆಯೇ ನನ್ನ ಬಳಿಗೆ ಬರಬೇಕು ಎನ್ನಲು ಬರುವುದಿಲ್ಲ. ಘಟ್ಟದ ಮೇಲಿನ ತಮ್ಮನಿಗೆ ಸಹಿ ಹಾಕುವ ಮುನ್ನ ಕಂತು ಎಷ್ಟು, ಅವಧಿ ಎಷ್ಟು ಎಂದು ಕೇಳಿ. ಆ ಕಂತನ್ನು ನಾನು ಕಟ್ಟಬಲ್ಲೆನೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಕಂತು ತಪ್ಪಿದಾಗ ಸಹಕಾರಿ ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋಗದೆಯೂ ಕ್ರಮ ಕೈಗೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಅದರಲ್ಲಿ ಸಾಲಗಾರನಿಗೆ ಮೊದಲು 60 ದಿನಗಳ ನೋಟೀಸು ಕೊಡಬೇಕು. 1959ರ ಕಾಯ್ದೆಯಡಿಯ ಪತ್ತಿನ ಸಂಘಗಳು 70ನೇ ಕಲಮಿನಂತೆ ಸಹಕಾರ ಇಲಾಖೆಯ ನಿಬಂಧಕರ ಮುಂದೆ ದಾವೆ ಹೂಡುತ್ತವೆ. ಎರಡರಲ್ಲೂ ನಿಮ್ಮ ಮಾತು ಹೇಳಲು ಅವಕಾಶವಿದೆ. ನೋಟೀಸು ಪಡೆಯದೆ ತಿರುಗಿಸಿ ಕಳುಹಿಸುವುದರಿಂದ ಆ ಅವಕಾಶ ಕಳೆದುಹೋಗುತ್ತದೆ. ಮೊದಲ ಕಂತು ತಪ್ಪಿದ ತಿಂಗಳೇ ಸಂಘಕ್ಕೆ ಬಂದು ಕಷ್ಟ ಹೇಳಿಕೊಂಡವರಿಗೆ ಅವಧಿ ವಿಸ್ತರಿಸಲು, ಕಂತು ಬದಲಿಸಲು ದಾರಿ ಇರುತ್ತದೆ. ಮೂರು ವರ್ಷ ತಲೆಮರೆಸಿಕೊಂಡವರಿಗೆ ದಾರಿ ಬಹಳ ಕಡಿಮೆ.

ಸಾಲ ತೀರಿದ ಮೇಲೆ ಮೂಲ ಪತ್ರಗಳನ್ನು ಎಣಿಸಿ ಪಡೆದುಕೊಳ್ಳಿ. ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕುಗಳು 30 ದಿನಗಳೊಳಗೆ ಪತ್ರ ಹಿಂತಿರುಗಿಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರವನ್ನೂ ನೋಂದಣಿ ಮಾಡಿಸಿ, ಹೊಸ ಇ.ಸಿ. ತೆಗೆದು ನೋಡಿ. ಇಲ್ಲವಾದರೆ ತೀರಿದ ಸಾಲ ಮಕ್ಕಳ ಕಾಲದಲ್ಲಿ ಮತ್ತೆ ತಲೆ ಎತ್ತುತ್ತದೆ.

ಧರ್ಮಕೇಂದ್ರಗಳು ಏನು ಮಾಡಬಹುದು?

ಸಂಕಷ್ಟದಲ್ಲಿರುವ ಕುಟುಂಬದ ವಿಷಯ ಮೊದಲು ತಿಳಿಯುವುದು ವಾರ್ಡಿನ ಗುರಿಕಾರರಿಗೆ, ಧರ್ಮಭಗಿನಿಯರಿಗೆ, ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ. ಹಣ ಸಹಾಯ ಮಾಡಲಾಗದಿದ್ದರೂ ಮೂರು ಕೆಲಸ ಸಾಧ್ಯ. ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನು ಕರೆಸಿ ಮನೆ ದಾಖಲೆ ಮತ್ತು ಉಯಿಲಿನ ಬಗ್ಗೆ ಮಾಹಿತಿ ಕೊಡಿಸುವುದು. ನೋಟೀಸು ಬಂದವರ ಜೊತೆ ಸಂಘದ ಕಚೇರಿಗೆ ಹೋಗಿ ಪಕ್ಕದಲ್ಲಿ ಕೂರುವುದು. ಮದುವೆ, ಪ್ರಥಮ ಪರಮಪ್ರಸಾದದ ಔತಣಕ್ಕಾಗಿ ಮನೆ ಅಡವಿಡುವುದು ಬೇಡ ಎಂದು ಧೈರ್ಯವಾಗಿ ಹೇಳುವುದು.

ಪವಿತ್ರ ಗ್ರಂಥಕ್ಕೆ ಈ ವಿಷಯ ಹೊಸದಲ್ಲ. ಬದುಕಿನ ಆಧಾರವಾದ ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದು, ಒತ್ತೆ ಪಡೆಯಲು ಬಡವನ ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕು ಎಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಕಲಿಸುತ್ತದೆ. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲವನ್ನೂ ಮನೆಯನ್ನೂ ಅಡವಿಟ್ಟ ಜನರ ಗೋಳು ನೆಹೆಮೀಯನ ಗ್ರಂಥದ 5ನೇ ಅಧ್ಯಾಯದಲ್ಲಿದೆ. ನೆಹೆಮೀಯನು ಆ ಗೋಳನ್ನು ಕೇಳಿ, ಸಾಲ ಕೊಟ್ಟವರನ್ನು ಕರೆಸಿ, ಅವುಗಳನ್ನು ಹಿಂತಿರುಗಿಸುವಂತೆ ಮಾಡಿದನು.

ಸಾಲ ಪಾಪವಲ್ಲ. ಸರಿಯಾಗಿ ಪಡೆದು ಸರಿಯಾಗಿ ತೀರಿಸಿದ ಸಾಲದಿಂದ ಮಕ್ಕಳು ಓದಿದ್ದಾರೆ, ಅಂಗಡಿಗಳು ಬೆಳೆದಿವೆ, ರೋಗಿಗಳು ಗುಣವಾಗಿದ್ದಾರೆ. ಮನೆ ಪತ್ರವನ್ನು ಕೈಯಲ್ಲಿ ಹಿಡಿದು ಸಾಲ ವಿಭಾಗದ ಮೆಟ್ಟಿಲು ಹತ್ತುವ ಮುನ್ನ ಒಂದು ಸಂಜೆ ಪ್ರಾರ್ಥನೆಯ ನಂತರ ಮನೆಯವರೆಲ್ಲ ಕುಳಿತು ಕಂತಿನ ಲೆಕ್ಕ ಹಾಕಲಿ. ಲೆಕ್ಕ ಕೂಡಿ ಬಂದರೆ ಬನ್ನಿ. ಕೂಡಿ ಬರದಿದ್ದರೆ ಪತ್ರ ಪೆಟ್ಟಿಗೆಯಲ್ಲೇ ಇರಲಿ.